ಬಿಳಿಬಂಡೆ ಕಡೆಯ ಗಿಡ

ನಮ್ಮ ಭಾವ ಒಂದೇ ಒಂದು ವಿಷಯದಲ್ಲಿ ಸುಳ್ಳು ಹೇಳುತ್ತಿದ್ದರು. ಉಳಿದದ್ದರಲ್ಲೆಲ್ಲ ಗೆರೆ ಎಳೆದ ಹಾಗಿದ್ದ ಮನುಷ್ಯ. ಅಕ್ಕನ ಅಡುಗೆ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಹೇಳಿ ಬೈಸಿಕೊಳ್ಳುತ್ತಿದ್ದರು. ಆದರೆ ಬೆಟ್ಟದಿಂದ ತಂದ ಗಿಡ ಎಲ್ಲಿ ಸಿಕ್ಕಿತು ಎಂದು ಕೇಳಿದಿರೋ, ಕಣ್ಣು ಮಿಟುಕಿಸದೆ ತಿರುಗಿಸಿ ಹೇಳುತ್ತಿದ್ದರು. ಪೂರ್ವದ ಇಳಿಜಾರಿನದು ಪಶ್ಚಿಮದ್ದಾಗುತ್ತಿತ್ತು, ತೊರೆಯ ದಂಡೆಯದು ನೆತ್ತಿಯದಾಗುತ್ತಿತ್ತು.

ಅದಕ್ಕೆ ಕಾರಣವೂ ಇತ್ತು. ಮದುವೆಗೆ ಮುಂಚೆ, ಇನ್ನೂ ಎಳಸಾಗಿದ್ದ ಕಾಲದಲ್ಲಿ, ಅಪರೂಪದ ಲಿಲ್ಲಿಯೊಂದು ಬೆಳೆಯುವ ಜಾಗವನ್ನು ಗೆಳೆಯನೊಬ್ಬನಿಗೆ ನಂಬಿ ಹೇಳಿದ್ದರಂತೆ. ಮುಂದಿನ ವರ್ಷ ಹೋಗಿ ನೋಡಿದರೆ ಇಡೀ ಇಳಿಜಾರು ಆಲೂಗಡ್ಡೆ ಕಿತ್ತ ಹೊಲದ ಹಾಗಿತ್ತು, ಒಂದೇ ಒಂದು ಗಡ್ಡೆ ಉಳಿದಿರಲಿಲ್ಲ. ಬೆಟ್ಟದ ಗಿಡಗಳ ಹುಚ್ಚು ಹಿಡಿದವರಲ್ಲಿ ಇದು ಎಲ್ಲರೂ ಒಪ್ಪಿದ ರೂಢಿ. ಯಾರೂ ಯಾರಿಗೂ ನಿಜವಾದ ಜಾಗ ಹೇಳುವುದಿಲ್ಲ, ಹೇಳಿದ್ದನ್ನು ಯಾರೂ ನಂಬುವುದೂ ಇಲ್ಲ. ಭಾವ ಮಾತ್ರ ಆ ರೂಢಿಯನ್ನು ಮನೆಯೊಳಕ್ಕೂ ತಂದಿದ್ದರು. ಗೋಡೆಗೂ ಕಿವಿ ಇರುತ್ತೆ ಎನ್ನುವುದು ಅವರ ವಾದ. ನಮಗೂ ಅಭ್ಯಾಸವಾಗಿಹೋಗಿತ್ತು. ಉತ್ತರಕ್ಕೆ ಹೊರಟೆ ಎಂದರೆ ಅಕ್ಕ ದಕ್ಷಿಣದ ಬಸ್ಸಿನ ಹೊತ್ತಿಗೆ ಬುತ್ತಿ ಕಟ್ಟುತ್ತಿದ್ದಳು. ಒಮ್ಮೆಯೂ ಅವಳ ಲೆಕ್ಕ ತಪ್ಪಿರಲಿಲ್ಲ.

ನರ್ಸರಿ ನಮ್ಮ ಮೂವರದು. ಊರಿನ ಅಂಚಿನಲ್ಲಿ, ರಸ್ತೆ ಬೆಟ್ಟದ ಕಡೆ ತಿರುಗುವಲ್ಲಿದೆ. ಮುಂದೆ ಗುಲಾಬಿ, ಜೆರೇನಿಯಂಗಳ ಸಾಲು, ಹಿಂದೆ ಬೆಟ್ಟದ ಗಿಡಗಳಿಗೆಂದೇ ಕಟ್ಟಿದ ಗಾಜಿನ ಮನೆ. ಅಕ್ಕ ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ, ಅವಳದು ಬೆಲ್ಲದಂಥ ಮಾತು. ನನಗೆ ಮೂಗಿನ ತುದಿಯಲ್ಲೇ ಕೋಪ, ಅದಕ್ಕೆ ನನ್ನನ್ನು ಹಿಂದೆ ಕೂರಿಸಿದ್ದಾರೆ. ನಾನು ಅವಳ ತಂಗಿ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ಅವಳ ಮದುವೆಯ ಮರುವರ್ಷವೇ ಇಲ್ಲಿಗೆ ಬಂದು ಮಣ್ಣಿಗೆ ಕೈ ಹಾಕಿದವಳು. ಗಿಡ ಗುರುತಿಸುವುದು ನನ್ನ ಕೆಲಸ. ಜನ ಪ್ಲಾಸ್ಟಿಕ್ ಕವರಿನಲ್ಲಿ ಬಾಡಿದ ಎಲೆಯೊಂದನ್ನು ಹಾಕಿಕೊಂಡು ಬಂದು ಇದೇನು ಎಂದು ಕೇಳುತ್ತಾರೆ. ಎಲೆಯ ಅಂಚು, ತೊಟ್ಟಿನ ಕೂದಲು, ಹಿಸುಕಿದಾಗ ಬರುವ ವಾಸನೆ ನೋಡಿ ಹೇಳುತ್ತೇನೆ. ಒಬ್ಬ ಮಹಾಶಯ ಪ್ಲಾಸ್ಟಿಕ್ ಬಳ್ಳಿಯ ಎಲೆಯನ್ನೇ ತಂದು ಇದಕ್ಕೆ ಹೂವೇಕೆ ಬರುತ್ತಿಲ್ಲ ಎಂದು ಕೇಳಿದ್ದ. ಅವನಿಗೂ ಇದ್ದದ್ದನ್ನೇ ಹೇಳಿದೆ. ಯಾರ ಮುಲಾಜಿಗೂ ಬಿದ್ದು ನಾನು ಸುಳ್ಳು ಹೇಳುವವಳಲ್ಲ ಎಂದು ಪೇಟೆಗೆಲ್ಲ ಗೊತ್ತು. ಅಕ್ಕನಿಗಂತೂ ಅದೊಂದು ಹೆಮ್ಮೆ.

ಬೆಟ್ಟದ ಗಿಡ ಸಾಕುವುದು ಗುಲಾಬಿ ಸಾಕಿದಂತಲ್ಲ. ತಿಂಗಳುಗಟ್ಟಲೆ ಹಿಮದಡಿ ಮಲಗಿ ಏಳುವ ಈ ಗಿಡಗಳನ್ನು ಚಳಿ ಕೊಲ್ಲುವುದಿಲ್ಲ, ತೇವ ಕೊಲ್ಲುತ್ತದೆ. ಬೇರು ಮುಗಿದು ಎಲೆ ಶುರುವಾಗುವ ಕೊರಳಿನಲ್ಲಿ ನೀರು ನಿಂತರೆ ಗಿಡ ಕೊಳೆತುಹೋಗುತ್ತದೆ. ಅದಕ್ಕೇ ಕೊರಳಿನ ಸುತ್ತ, ಎಲೆಗಳ ಅಡಿಗೆ, ಕಲ್ಲಿನ ಚೂರುಗಳನ್ನು ತುಂಬುತ್ತೇವೆ. ನಮ್ಮ ಮನೆಯಲ್ಲಿ ಅದಕ್ಕೆ ಪಟ್ಟಿ ಕಟ್ಟುವುದು ಎನ್ನುತ್ತಿದ್ದೆವು. ನಾನಾದರೆ ಚಮಚದಲ್ಲಿ ಸುರಿದು ಬೆರಳಿನಲ್ಲಿ ಸವರಿ ಮುಗಿಸುತ್ತೇನೆ. ಭಾವ ಹಾಗಲ್ಲ. ಒಂದೊಂದೇ ಚೂರನ್ನು ಆರಿಸಿ, ಚಪ್ಪಟೆ ಮುಖ ಮೇಲೆ ಮಾಡಿ, ಹೊರಗಡೆಗೆ ಇಳಿಜಾರಾಗುವಂತೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂರಿಸುತ್ತಿದ್ದರು. ಒಂದು ಕುಂಡಕ್ಕೆ ಅರ್ಧ ಬೆಳಗು ಹಿಡಿಯುತ್ತಿತ್ತು. ಹೀಗೇ ಮಾಡುತ್ತಿದ್ದರೆ ನಾವು ಊಟಕ್ಕೂ ಕಲ್ಲೇ ಬಡಿಸಿಕೊಳ್ಳಬೇಕಾಗುತ್ತೆ ಎಂದು ನಾನು ರೇಗುತ್ತಿದ್ದೆ. ಅವರು ತಲೆ ಕೂಡ ಎತ್ತುತ್ತಿರಲಿಲ್ಲ.

ಆ ವರ್ಷ ಬೀಜ ಬಲಿಯುವ ಕಾಲಕ್ಕೆ ಎಂದಿನಂತೆ ದೊಡ್ಡ ಬೆಟ್ಟಕ್ಕೆ ಹೊರಟರು. ಬೆಟ್ಟದ ಅರ್ಧದಲ್ಲಿ ಕುರಿಗಾಹಿಗಳು ತಂಗುವ ಕಲ್ಲಿನ ಗುಡಿಸಲೊಂದಿದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಬಿಳಿಬಂಡೆ ಕಡೆ, ಬಲಕ್ಕೆ ಹೋದರೆ ಕರಿಬಂಡೆ ಕಡೆ. ನಡುವೆ ಆಳವಾದ ಕೊರಕಲು. ಈ ಕಡೆ ಕೂಗಿದ್ದು ಆ ಕಡೆಗೆ ಕೇಳಿಸುವುದಿಲ್ಲ. ಚೀಲವನ್ನು ಹೆಗಲಿಗೇರಿಸುತ್ತ ಭಾವ ಬಾಗಿಲಲ್ಲಿ ನಿಂತು ಹೇಳಿದರು.

"ಬಿಳಿಬಂಡೆ ಕಡೆ ಹೋಗ್ತೀನಿ. ಮಂಡಿ ಯಾಕೋ ಸರಿಯಿಲ್ಲ, ನಿಂಗೆ ಗೊತ್ತಿರ್ಲಿ ಅಂತ. ಈ ಸಲ ನಿಜ ಕಣೆ."

ಅಕ್ಕ ನಕ್ಕಳು. ನಾನೂ ನಕ್ಕೆ. ಈ ಸಲ ನಿಜ ಎನ್ನುವುದನ್ನೂ ಅವರು ಪ್ರತಿ ಸಲ ಹೇಳುತ್ತಿದ್ದರು.

ಮೊದಲ ದಿನ ಆರಿಸಿದ ಬೀಜದ ಪೊಟ್ಟಣವನ್ನು ಕುರಿಗಾಹಿಯೊಬ್ಬನ ಕೈಲಿ ಕೆಳಕ್ಕೆ ಕಳಿಸಿದರು. ಚೀಲದಲ್ಲೇ ಇಟ್ಟುಕೊಂಡರೆ ಬೂಸು ಹಿಡಿಯುತ್ತದೆ ಎಂದು ಇಳಿಯುವವರ ಕೈಲಿ ಹೀಗೆ ಕೊಟ್ಟು ಕಳಿಸುವುದು ವಾಡಿಕೆ. ಸಂಜೆ ಗುಡಿಸಲಿನಲ್ಲಿ ಸಿಕ್ಕಿದ್ದರು, ಬೆಳಿಗ್ಗೆ ತಾನು ಏಳುವಷ್ಟರಲ್ಲಿ ಹೊರಟುಹೋಗಿದ್ದರು, ಯಾವ ಕಡೆಯಿಂದ ಬಂದರು ಯಾವ ಕಡೆ ಹೋದರು ತಾನು ನೋಡಲಿಲ್ಲ ಎಂದು ಅವನು ಹೇಳಿ ಹೋದ. ನಾವೂ ಹೆಚ್ಚೇನೂ ಕೇಳಲಿಲ್ಲ. ಬರಬೇಕಾದ ದಿನ ಭಾವ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಬೆಟ್ಟದಲ್ಲಿ ಹುಡುಕುವ ತಂಡದವರು ನಮ್ಮ ಅಂಗಳಕ್ಕೇ ಬಂದು, ಏನು ಹೇಳಿ ಹೋಗಿದ್ದರು ಎಂದು ಕೇಳಿದರು. ಇದ್ದವರು ಕೆಲವೇ ಜನ, ಮೋಡ ಕಟ್ಟುತ್ತಿತ್ತು, ಎರಡೂ ಕಡೆ ಹುಡುಕುವಷ್ಟು ಬಿಡುವು ಇರಲಿಲ್ಲ. ಅಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಬಿಳಿಬಂಡೆ ಅಂದಿದ್ರು. ಅಂದ್ರೆ ಕರಿಬಂಡೆ ಕಡೆ ಹೋಗಿದ್ದಾರೆ. ಹೆಂಡತಿ ನಾನು, ನಂಗೊತ್ತಿಲ್ವಾ? ಅಲ್ಲೇ ಹುಡುಕಿ."

ಅವರು ಕರಿಬಂಡೆ ಕಡೆಯ ಒಂದೊಂದು ಸಂದಿಯನ್ನೂ ಜಾಲಾಡಿದರು. ಆಮೇಲೆ ಹಿಮ ಬಿತ್ತು, ದಾರಿ ಮುಚ್ಚಿತು. ಕರಗಿದ ಮೇಲೆ ಮತ್ತೊಮ್ಮೆ ಹೋದರು, ಆಗಲೂ ಅಕ್ಕನ ಹಟಕ್ಕೆ ಕರಿಬಂಡೆ ಕಡೆಯೇ. ಬಿಳಿಬಂಡೆ ಕಡೆ ಇಬ್ಬರು ಒಂದಷ್ಟು ದೂರ ನಡೆದು ದುರ್ಬೀನಿನಲ್ಲಿ ನೋಡಿ ಹಿಂತಿರುಗಿದರಂತೆ. ಏನೂ ಸಿಗಲಿಲ್ಲ.

ಸತ್ತವರು ಮನೆಯಿಂದ ಹೋಗುತ್ತಾರೆ. ಕಾಣೆಯಾದವರು ಹೋಗುವುದಿಲ್ಲ, ಇದು ನನ್ನ ಅನುಭವ. ಭಾವ ಇದ್ದಾಗ ಮನೆಯಲ್ಲಿ ಇದ್ದೂ ಇಲ್ಲದಂತೆ ಇರುತ್ತಿದ್ದವರು, ಈಗ ಎಲ್ಲೆಲ್ಲೂ ಇದ್ದರು. ಗಾಜಿನ ಮನೆಯ ಬಾಗಿಲು ತೆರೆದರೆ ಯಾರೋ ಆಗ ತಾನೇ ಎದ್ದು ಹೋದ ಹಾಗೆ ಅನಿಸುತ್ತಿತ್ತು. ಮಾಡಿನ ಗಾಜುಗಳನ್ನು ಎತ್ತುವ ಕಬ್ಬಿಣದ ತೋಳು ಬಿಸಿಲೇರಿದಾಗ ಕಿರುಗುಟ್ಟುತ್ತದೆ, ಮೊದಲಿನಿಂದಲೂ ಹಾಗೇ. ಈಗ ಅದು ಅವರು ಗಂಟಲು ಸರಿಮಾಡಿಕೊಂಡಂತೆ ಕೇಳಿ ನಾನು ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಎಣ್ಣೆ ಬಿಟ್ಟು ನೋಡಿದೆ, ಸದ್ದು ಇನ್ನೂ ಮೆತ್ತಗಾಗಿ ಇನ್ನೂ ಅವರಂತೆಯೇ ಆಯಿತು. ಅಕ್ಕ ಅವರ ಟವೆಲನ್ನು ಒಗೆದು ಒಣಗಿಸಿ ಅದೇ ಮೊಳೆಗೆ ನೇತುಹಾಕುತ್ತಿದ್ದಳು. ಗೇಟಿನ ಸದ್ದಾದರೆ ಗಿರಾಕಿಯೊಂದಿಗೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನೆಂಟರು ಬಂದು, ಇನ್ನು ಸಾಕು, ಮನಸ್ಸು ಗಟ್ಟಿ ಮಾಡಿಕೋ ಎಂದರೆ, ಎಲ್ಲಿದ್ದಾರೆ ತೋರಿಸಿ, ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದಳು. 

ಉಳಿದದ್ದು ಆ ಬೀಜದ ಪೊಟ್ಟಣ. ಅದರ ಮೇಲೆ ಜಾಗದ ಹೆಸರು ಬರೆದಿರಲಿಲ್ಲ, ಅವರು ಎಂದೂ ಬರೆಯುತ್ತಿರಲಿಲ್ಲ. ಬೀಜ ನೋಡಿದ ಕೂಡಲೇ ಇದು ಮೆತ್ತೆಗಿಡ ಎಂದು ನನಗೆ ಗೊತ್ತಾಯಿತು. ಬಂಡೆಗೆ ಅಂಟಿಕೊಂಡು ಪುಟ್ಟ ದಿಂಬಿನ ಹಾಗೆ ಬೆಳೆಯುವ ಗಿಡ, ಮುಟ್ಟಿದರೆ ಮೆತ್ತಗಲ್ಲ, ಒರಟು. ಆ ಬೆಟ್ಟದಲ್ಲಿ ಅದರಲ್ಲಿ ಎರಡು ಜಾತಿ ಇದೆ. ಒಂದು ಸುಣ್ಣಕಲ್ಲಿನ ಬಿಳಿಬಂಡೆಯ ಮೇಲೆ ಮಾತ್ರ, ಇನ್ನೊಂದು ಕರಿಬಂಡೆಯ ಮೇಲೆ ಮಾತ್ರ. ಬೀಜದಲ್ಲಿ ವ್ಯತ್ಯಾಸವಿಲ್ಲ, ಎಳೆಯ ಎಲೆಯಲ್ಲಿ ವ್ಯತ್ಯಾಸವಿಲ್ಲ, ಅವಳಿ ಮಕ್ಕಳ ಹಾಗೆ. ಬೆಳೆದರೆ ಮಾತ್ರ ಗೊತ್ತಾಗುತ್ತದೆ. ಇದನ್ನು ನಾನೇ ಬಾಯಿ ತಪ್ಪಿ ಅಕ್ಕನಿಗೆ ಹೇಳಿದೆ. ಅವಳ ಮುಖ ನೋಡಿದ ಮೇಲೆ ಯಾಕಾದರೂ ಹೇಳಿದೆನೋ ಅನಿಸಿತು.

ಕರಿಬಂಡೆಯದಾದರೆ ಅವಳು ಸರಿಯಾದ ಕಡೆಗೇ ಜನರನ್ನು ಕಳಿಸಿದ್ದಳು, ಬೆಟ್ಟವೇ ಅವರನ್ನು ಬಿಟ್ಟುಕೊಡಲಿಲ್ಲ. ಬಿಳಿಬಂಡೆಯದಾದರೆ, ಗಂಡ ಹೇಳಿದ ಒಂದೇ ಒಂದು ನಿಜವನ್ನು ಸುಳ್ಳೆಂದು ತಿಳಿದು, ಹುಡುಕಲು ಬಂದವರನ್ನೆಲ್ಲ ಅವರಿಂದ ದೂರ ಕಳಿಸಿದ್ದಳು. ಇದನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಬಿತ್ತಿದೆ. ಈ ಬೀಜಗಳಿಗೆ ಒಂದು ಚಳಿಗಾಲ ಸಾಲದು, ಎರಡು ಬೇಕು. ಚಳಿ ಸಾಲದ ಮನೆಗಳಲ್ಲಿ ಜನ ಫ್ರಿಜ್ಜಿನಲ್ಲಿಟ್ಟು ಬೀಜಕ್ಕೆ ಮೋಸ ಮಾಡುತ್ತಾರೆ. ನಾನು ಕುಂಡವನ್ನು ಹೊರಗೇ, ಉತ್ತರದ ಗೋಡೆಯ ಬುಡದಲ್ಲಿಟ್ಟೆ. ಅಕ್ಕ ದಿನಾ ಬೆಳಿಗ್ಗೆ ಬಂದು ಬರಿಯ ಮರಳನ್ನು ನೋಡಿಕೊಂಡು ನಿಲ್ಲುತ್ತಿದ್ದಳು. ಕೆಲವೊಮ್ಮೆ ಮಾತಾಡುತ್ತಿದ್ದಳು, ನನ್ನ ಜೊತೆಯಲ್ಲ. ಎರಡನೆಯ ಚಳಿಗಾಲ ಮುಗಿದು ಬಿಸಿಲು ಚುರುಕಾದಾಗ ಮರಳಿನ ಮೇಲೆ ಹಸಿರು ಚುಕ್ಕೆಗಳೆದ್ದವು. ಸಸಿ ಕಂಡರೆ ಕುಣಿಯುವವಳು ನಾನು. ಆ ಸಲ ಮಾತ್ರ ಯಾರೋ ಬಾಗಿಲು ತಟ್ಟಿದಂತೆ ಹಿಂದೆ ತಿರುಗಿ ನೋಡಿದೆ.

ಅಲ್ಲಿಂದ ಅಕ್ಕನದು ಒಂದೇ ಪ್ರಶ್ನೆ, ಯಾವುದು? ನಾನು ಇನ್ನೂ ಗೊತ್ತಾಗಲ್ಲ, ಇನ್ನೂ ಚಿಕ್ಕದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳುತ್ತಿದ್ದೆ. ಅದು ನಿಜವೇ ಆಗಿತ್ತು. ಸಸಿಗಳು ಮಹಾ ಸೋಮಾರಿಗಳು, ಒಂದು ಇಡೀ ವರ್ಷಕ್ಕೆ ಅಂಗಿಯ ಗುಂಡಿಯಷ್ಟೂ ಆಗಲಿಲ್ಲ. ಬಂದವರಲ್ಲಿ ಬೆಟ್ಟದ ಹುಚ್ಚಿನವರು ಯಾರಾದರೂ ಇದ್ದರೆ ಕುಂಡವನ್ನು ನೋಡಿ, ಎಲ್ಲಿಯದು ಎಂದು ಕೇಳುತ್ತಿದ್ದರು. ಅಕ್ಕ ಗೊತ್ತಿಲ್ಲ ಎನ್ನುತ್ತಿದ್ದಳು. ಅವರು ತಿಳಿದವರಂತೆ ಕಣ್ಣು ಹೊಡೆದು ನಗುತ್ತಿದ್ದರು. ಆ ನಗುವಿಗೆ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮುಂದಿನ ವರ್ಷದ ಒಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡುತ್ತಿದ್ದಾಗ ಎಲೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳು ಕಂಡವು. ಉಪ್ಪಿನ ಹರಳಿಗಿಂತ ಸಣ್ಣವು, ಅಂಚಿನುದ್ದಕ್ಕೂ ಸಾಲಾಗಿ. ಸುಣ್ಣಕಲ್ಲಿನ ಗಿಡ ತಾನು ಕುಡಿದ ಸುಣ್ಣವನ್ನು ಎಲೆಯಂಚಿನ ರಂಧ್ರಗಳಿಂದ ಹೊರಗೆ ಹಾಕುತ್ತದೆ, ಅದು ಒಣಗಿ ಹೀಗೆ ಕೂರುತ್ತದೆ. ಕರಿಬಂಡೆಯ ಗಿಡಕ್ಕೆ ಆ ರಂಧ್ರಗಳೇ ಇಲ್ಲ. ನಾನು ಕುಂಚವನ್ನು ಮಳೆನೀರಿನಲ್ಲಿ ಅದ್ದಿ ಒರೆಸಿದೆ. ಚಿಮುಕಿಸಿದ ನೀರಿನ ಕಲೆ ಇರಬಹುದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸ್ವಲ್ಪ ದಿನಕ್ಕೆ ಚುಕ್ಕೆಗಳು ಮತ್ತೆ ಅದೇ ಸಾಲಿನಲ್ಲಿ ಬಂದು ಕೂತಿದ್ದವು.

ನುಂಗಲಾರದ ಉಗುಳಲಾರದ ಬಿಸಿತುಪ್ಪ. ಆದರೆ ಅಕ್ಕ ಬಂದು ಯಾವುದು ಎಂದು ಕೇಳಿದಾಗ ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ. ಬಿಳಿಬಂಡೆ ಕಡೆಯದು ಅಕ್ಕ ಎಂದೆ. ಅವಳು ಅಳಲಿಲ್ಲ. ಭೂತಗನ್ನಡಿ ಇಸಿದುಕೊಂಡು ತಾನೂ ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಕೈತೊಳೆದುಕೊಂಡು ಹೋಗಿ ಕಾದಿದ್ದ ಗಿರಾಕಿಗೆ ಗುಲಾಬಿ ಗಿಡ ಕಟ್ಟಿಕೊಟ್ಟಳು. ಅವಳ ಕೈಯಿಂದ ಸುತಳಿ ಎರಡು ಸಲ ಜಾರಿದ್ದನ್ನು ನಾನು ಕಂಡೆ.

ಅಂದಿನಿಂದ ಮನೆಯಲ್ಲಿ ಭಾವ ಇದ್ದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಎಲ್ಲೆಲ್ಲೂ ಇದ್ದವರಿಗೆ ಈಗ ಒಂದು ಜಾಗ ಸಿಕ್ಕಿತ್ತು. ಅಕ್ಕ ಹಿತ್ತಲಿನಲ್ಲಿ ಬೆಟ್ಟ ಕಾಣುವ ಕಡೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದಳು. ಬಟ್ಟೆ ಹರವುವಾಗ ಕೈ ತಡೆದು, ಕರೀತಿದ್ದಾರೆ ಕಣೆ, ಕೇಳಿಸ್ತಾ? ಎಂದು ಕೇಳುತ್ತಿದ್ದಳು. ಹಾಡುಹಗಲು, ರಸ್ತೆಯಲ್ಲಿ ಲಾರಿಗಳ ಸದ್ದು, ಆದರೂ ಆ ಮಾತು ಕೇಳಿ ನಾನು ಬೆಟ್ಟದ ಕಡೆ ತಿರುಗುತ್ತಿದ್ದೆ. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಗುಲಾಬಿ ಕೊಳ್ಳಲು ಬರುವ ಡಾಕ್ಟರನ್ನು ನಿಲ್ಲಿಸಿಕೊಂಡು, ಕಾಲು ಮುರಿದವರು ನೀರಿಲ್ಲದೆ ಎಷ್ಟು ದಿನ ಬದುಕುತ್ತಾರೆ, ಚಳಿಯಲ್ಲಿ ಎಷ್ಟು ದಿನ, ಹಿಮ ತಿಂದರೆ ಎಷ್ಟು ದಿನ ಎಂದು ಕೇಳಿದಳಂತೆ. ಅವರು ಗಿಡ ಕೊಳ್ಳದೆಯೇ ಹೋದರು. ಒಂದು ಮಧ್ಯಾಹ್ನ ಮಣ್ಣು ಬೆರೆಸುವ ಮೇಜಿನ ಹತ್ತಿರ ಬಂದು ನನ್ನೆದುರು ಕೂತಳು.

"ಬಿದ್ದ ಕೂಡ್ಲೇ ಹೋಗಿದ್ರೆ ನಾನು ಬದುಕ್ತೀನಿ ಕಣೆ. ಯಾರನ್ನ ಎಲ್ಲಿಗೆ ಕಳಿಸಿದ್ರೂ ಅಷ್ಟೇ ಆಗ್ತಿತ್ತು ಅಂದ್ಕೋತೀನಿ. ಕಾದಿದ್ರೆ ಮಾತ್ರ... ನಿಜ ಹೇಳಿ ಬಂದಿದೀನಿ, ಬರ್ತಾರೆ ಅಂತ ದಾರಿ ನೋಡ್ತಾ ಕೂತಿದ್ರೆ, ನನ್ನ ಕೈಲಿ ಆಗಲ್ಲ. ನೀನು ಹೋಗಿ ನೋಡ್ಕೊಂಡು ಬಾ. ನಿನ್ನ ಕಣ್ಣಿಗೆ ತಪ್ಪಲ್ಲ."

ಅವಳಿಗೆ ಉಬ್ಬಸ, ಆ ಎತ್ತರಕ್ಕೆ ಏರುವುದು ಆಗದ ಮಾತು. ಹಿಮ ಪೂರಾ ಕರಗಿದ ಮೇಲೆ ತಂಡದ ಹಳೆಯ ಮುಖಂಡರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ನಾನು ಹೊರಟೆ. ಗುಡಿಸಲಿನ ಹತ್ತಿರ ದಾರಿ ಕವಲೊಡೆಯುವಲ್ಲಿ ಮುಖಂಡರು ಒಂದು ಕ್ಷಣ ನಿಂತು ಬಲಗಡೆ ನೋಡಿದರು. ಆಮೇಲೆ ಎಡಕ್ಕೆ ತಿರುಗಿದರು. ಅವರಿಗೂ ಮುಜುಗರವಾಗಿತ್ತು, ಪಾಪ.

ಮೆತ್ತೆಗಿಡ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಮಧ್ಯಾಹ್ನದ ಬಿಸಿಲು ತಪ್ಪುವ, ಕರಗಿದ ಹಿಮದ ನೀರು ಒಳಗಿಂದ ಜಿನುಗುವ, ಮೇಲೆ ಒಣಗಿರುವ ಬಂಡೆ ಬೇಕು. ಅಂಥ ಜಾಗಗಳನ್ನೇ ನೋಡುತ್ತ ಹೋದೆ, ಅವರೂ ಹಾಗೆಯೇ ನೋಡುತ್ತ ಹೋಗಿರುತ್ತಾರೆ ಎಂದು ಗೊತ್ತಿತ್ತು. ಆ ನಡಿಗೆಯುದ್ದಕ್ಕೂ ಅವರು ನನ್ನ ಮುಂದೆಯೇ ಹೋಗುತ್ತಿದ್ದಂತಿತ್ತು. ಇಲ್ಲಿ ಬಗ್ಗಿರುತ್ತಾರೆ, ಇಲ್ಲಿ ಕೈಯೂರಿರುತ್ತಾರೆ, ಇಲ್ಲಿ ಮಂಡಿ ನೋವಿಗೆ ನಿಂತಿರುತ್ತಾರೆ. ಬಗ್ಗಿದೆ, ಕೈಯೂರಿದೆ, ನಿಂತೆ. ಎರಡನೆಯ ದಿನ ಒಂದು ಬಂಡೆಯ ತಲೆಯ ಮೇಲಿಂದ ಇಣುಕಿದರೆ ಕೆಳಗೆ ಚಪ್ಪಟೆಯಾದ ಜಗಲಿಯಂಥ ಜಾಗ, ಅದರ ಮೂಲೆಯಲ್ಲಿ ಮಾಸಿದ ನೀಲಿ ಜಾಕೆಟ್ಟು.

ಹಗ್ಗ ಕಟ್ಟಿಕೊಂಡು ಇಳಿದೆವು. ಮೂಳೆಗಳು, ಬೂಟುಗಳು, ಚೀಲ. ಮುಖಂಡರು ಮಂಡಿಯೂರಿ ನೋಡಿ, ಕಾಲಿನ ಮೂಳೆ ಮುರಿದಿದೆ, ಇಷ್ಟು ಎತ್ತರದಿಂದ ಬಿದ್ದ ಏಟಿಗೇ ಜೀವ ಹೋಗಿರಬೇಕು ಎಂದರು. ಅವರು ತಿಳಿದಷ್ಟನ್ನು ಹೇಳಿದರು. ನಾನು ಅವರ ಹಿಂದೆ ನಿಂತು ನೆಲ ನೋಡುತ್ತಿದ್ದೆ.

ಆ ಜಗಲಿಯ ತುಂಬ ಮೆತ್ತೆಗಿಡಗಳಿದ್ದವು. ಭಾವ ಒರಗಿ ಕೂತಿದ್ದ ಜಾಗದ ಸುತ್ತ, ಒಬ್ಬ ಮನುಷ್ಯನ ಕೈ ಎಟುಕುವಷ್ಟು ದೂರ, ಪ್ರತಿಯೊಂದು ಗಿಡಕ್ಕೂ ಪಟ್ಟಿ ಕಟ್ಟಿತ್ತು. ಬಿಳಿಕಲ್ಲಿನ ಚೂರುಗಳು, ಚಪ್ಪಟೆ ಮುಖ ಮೇಲೆ, ಹೊರಗಡೆಗೆ ಇಳಿಜಾರು, ಹೆಂಚು ಹೊದಿಸಿದ ಹಾಗೆ. ಅಂಚುಗಳ ಮೇಲೆ ಗಿಡ ಆಗಲೇ ಸ್ವಲ್ಪ ಸ್ವಲ್ಪ ಹಬ್ಬಿತ್ತು. ಕೈ ಎಟುಕದ ಕಡೆಯ ಗಿಡಗಳಿಗೆ ಏನೂ ಇರಲಿಲ್ಲ. ಎಷ್ಟು ಗಿಡ ಎಂದು ನಾನು ಎಣಿಸಲಿಲ್ಲ, ಎಣಿಸುವ ಧೈರ್ಯ ಬರಲಿಲ್ಲ. ಒಂದಕ್ಕೆ ಅರ್ಧ ಬೆಳಗು ಹಿಡಿಯುವ ಕೆಲಸ ಅದು. ಕೊನೆಕೊನೆಯವುಗಳಲ್ಲಿ ಚೂರುಗಳು ತಲೆಕೆಳಗಾಗಿದ್ದವು, ಬೆರಳು ಸೋತಿತ್ತು. ಬಲಗೈ ಬದಿಯ ಒಂದು ಗಿಡಕ್ಕೆ ಪಟ್ಟಿ ಅರ್ಧಕ್ಕೇ ನಿಂತಿತ್ತು.

ಅಲ್ಲಿ ಕೂತು ತಲೆ ಎತ್ತಿದೆ. ಗುಡಿಸಲಿನಿಂದ ಬರುವ ದಾರಿ, ಅದರ ಒಂದೊಂದು ತಿರುವೂ, ಅಂಗೈಯ ಗೆರೆಗಳಂತೆ ಕಾಣುತ್ತಿತ್ತು. ಯಾರಾದರೂ ಎಡಕ್ಕೆ ತಿರುಗಿದ್ದರೆ ಮೊದಲ ತಿರುವಿನಲ್ಲೇ ಭಾವನಿಗೆ ಕಾಣುತ್ತಿದ್ದರು. ಭಾವ ಕೂಗಿದ್ದರೆ ಬಂದವರಿಗೂ ಕೇಳಿಸುತ್ತಿತ್ತು. ನಿಜ ಹೇಳಿ ಬಂದ ಮನುಷ್ಯ, ಹೆಂಡತಿ ಜನರನ್ನು ಕಳಿಸೇ ಕಳಿಸುತ್ತಾಳೆಂದು ನಂಬಿ, ಸುಮ್ಮನೆ ಕೂರಲಾರದೆ ಕೈಗೆ ಸಿಕ್ಕ ಗಿಡಗಳನ್ನು ಚಳಿಗಾಲಕ್ಕೆ ಸಿದ್ಧ ಮಾಡುತ್ತ ಕಾದಿದ್ದರು. ಅಷ್ಟು ವರ್ಷ ಬಾಯಿ ತುಂಬ ಸುಳ್ಳು ಹೇಳಿದವರಿಗೆ ಅವತ್ತೇ ನಿಜ ಹೇಳುವ ಹುಕಿ ಯಾಕೆ ಬಂತು ಎಂದು ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು.

ಮುಖಂಡರಿಗೂ ಏನೋ ಕಂಡಿತು. ಯಾರೋ ಕಲ್ಲು ಜೋಡಿಸಿದ ಹಾಗಿದೆಯಲ್ಲ ಎಂದರು. ಹಿಮ ಕರಗುವಾಗ ನೀರು ಹೀಗೆ ಜೋಡಿಸುತ್ತೆ, ಈ ಗಿಡದ ಸುತ್ತ ಯಾವಾಗಲೂ ಹೀಗೇ ಎಂದೆ. ಗಿಡ ಗೊತ್ತಿರುವವಳು ನಾನು, ಅವರು ತಲೆಯಾಡಿಸಿದರು. ಅವರು ಮೂಳೆಗಳನ್ನು ಚೀಲಕ್ಕೆ ತುಂಬಿಸುವವರೆಗೂ ನಾನು ಆ ಬಲಗೈ ಬದಿಯ ಗಿಡದ ಹತ್ತಿರ ಕೂತು, ಒಂದೊಂದೇ ಚೂರು ಆರಿಸಿ, ಅರ್ಧಕ್ಕೆ ನಿಂತಿದ್ದ ಪಟ್ಟಿಯನ್ನು ಮುಗಿಸಿದೆ. ಕೈ ನನ್ನದು ಅನಿಸಲೇ ಇಲ್ಲ.

ಮನೆಗೆ ಬಂದಾಗ ಅಕ್ಕ ಮಣ್ಣಿನ ಮೇಜಿನ ಹತ್ತಿರವೇ ಕೂತಿದ್ದಳು. ಸಿಕ್ಕಿದರು ಎಂದು ತಂಡದವರು ಮೊದಲೇ ಫೋನು ಮಾಡಿ ಹೇಳಿದ್ದರು. ಅವಳು ನೀರು ಕೊಟ್ಟಳು, ನಾನು ಕುಡಿದು ಮುಗಿಸುವವರೆಗೂ ಕಾದಳು.

"ಕಾದಿದ್ರಾ?" ಎಂದಳು.

"ಇಲ್ಲ ಅಕ್ಕ. ಬಿದ್ದ ಕೂಡ್ಲೇ. ತಲೆಗೇ ಏಟು."

"ನೀನೇ ನೋಡಿದ್ಯಾ, ತಂಡದವರು ಹೇಳಿದ್ದಾ?"

"ನಾನೇ ನೋಡಿದೆ. ಕೂತಿದ್ದ ಗುರುತಿಲ್ಲ, ಕೈ ಆಡಿಸಿದ ಗುರುತಿಲ್ಲ. ಸುತ್ತ ಒಂದು ಕಲ್ಲೂ ಅಲುಗಿರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ವರ್ಷ ಒಬ್ಬರ ಮಾತನ್ನು ತಿರುಗಿಸಿ ತಿರುಗಿಸಿ ಅರ್ಥ ಮಾಡಿಕೊಂಡವಳು, ಈಗ ನನ್ನದನ್ನೂ ತಿರುಗಿಸುತ್ತಾಳೆ ಎಂದು ನಾನು ಹೆದರಿದ್ದೆ. ತಿರುಗಿಸಿದ್ದರೆ ಅವಳಿಗೆ ಎಲ್ಲ ತಿಳಿಯುತ್ತಿತ್ತು.

"ಅವರ ಮಾತು ನಂಬದೆ ಕೆಟ್ಟೆ," ಎಂದಳು ಅಕ್ಕ. "ನಿನ್ನ ಮಾತನ್ನೂ ಅನುಮಾನಿಸಿದ್ರೆ ನನ್ನಂಥ ಪಾಪಿ ಇನ್ನೊಬ್ಬಳಿಲ್ಲ. ನೀನು ಹೇಳಿದ್ಮೇಲೆ ಮುಗೀತು."

ಆಮೇಲೆ ಅತ್ತಳು, ಇಷ್ಟು ವರ್ಷದ್ದೆಲ್ಲ ಸೇರಿ. ಅತ್ತು ಮುಗಿಸಿ ತಟ್ಟೆ ತುಂಬ ಅನ್ನ ಹಾಕಿಕೊಂಡು ಉಂಡಳು, ಬಾಗಿಲು ತೆರೆದಿದ್ದಂತೆಯೇ ಅಲ್ಲೇ ಒರಗಿ ನಿದ್ದೆ ಹೋದಳು. ಈಗ ಅವಳಿಗೆ ಯಾರೂ ಕರೆದಂತೆ ಕೇಳಿಸುವುದಿಲ್ಲ. ಮೊಳೆಯಿಂದ ಟವೆಲು ಇಳಿಯಿತು. ಕುಂಡದ ಗಿಡ ಹೂಬಿಟ್ಟಿದೆ, ಅದರ ತುಂಡುಗಳನ್ನು ಬೇರು ಹಿಡಿಸಿ ಕೇಳಿದವರಿಗೆಲ್ಲ ಕೊಡುತ್ತಾಳೆ. ಎಲ್ಲಿಯದು ಎಂದರೆ ಬಿಳಿಬಂಡೆ ಕಡೆಯದು ಎಂದು ನೇರವಾಗಿ ಹೇಳುತ್ತಾಳೆ. ಬೆಟ್ಟದ ಹುಚ್ಚಿನವರು ಅದನ್ನು ಕೇಳಿ ನಕ್ಕು, ಕರಿಬಂಡೆ ಕಡೆ ಹುಡುಕಲು ಹೋಗುತ್ತಾರೆ.

ಪರಿಚಯದವರು ಬಂದು ಭಾವನ ಮಾತು ತೆಗೆದರೆ ಅವಳು ಈಗ ಸಮಾಧಾನದಿಂದ ಮಾತಾಡುತ್ತಾಳೆ. ಪುಣ್ಯಾತ್ಮರು, ನರಳಲಿಲ್ಲ, ಬಿದ್ದ ಕೂಡಲೇ ಹೋದರು, ನನ್ನ ತಂಗಿಯೇ ಕಣ್ಣಾರೆ ನೋಡಿ ಬಂದಳು ಎನ್ನುತ್ತಾಳೆ. ಎಂದು, ಗಾಜಿನ ಮನೆಯ ಬಾಗಿಲಲ್ಲಿ ನಿಂತಿರುವ ನನ್ನ ಕಡೆಗೆ ತಿರುಗಿ, ಅಲ್ವೇನೆ? ಎಂದು ಕೇಳುತ್ತಾಳೆ.

ಹೌದಕ್ಕ ಎನ್ನುತ್ತೇನೆ. ಬಂದವರು ಗಿಡ ಹಿಡಿದುಕೊಂಡು ಗೇಟು ದಾಟುವವರೆಗೂ ನನಗೆ ಹಿಂದೆ ತಿರುಗಲು ಆಗುವುದಿಲ್ಲ. ಹಿಂದೆ ಭಾವ ಕೂತಿರುತ್ತಾರೆ, ದಾರಿಯನ್ನಲ್ಲ, ನನ್ನನ್ನು ನೋಡುತ್ತ.